ಎರಡು ಕಿಲೋ ನೂರು ಗ್ರಾಂ

ಕಳೆದ ವರ್ಷ ಅಕ್ಕನಿಗೆ ಹೆರಿಗೆ ಆಯ್ತು. ಹೆಣ್ಣು ಮಗು. 39 ವಾರ ತುಂಬಿತ್ತು, ಆದರೆ ತೂಕ ಬರೀ 2.1 ಕಿಲೋ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂದ ಅರ್ಧ ಗಂಟೆಯಲ್ಲೇ ಸಲಹೆಗಳ ಸುರಿಮಳೆ: "ಡಬ್ಬದ ಹಾಲು ಹಾಕಿ", "ಮೂರು ತಿಂಗಳಿಗೇ ರಾಗಿ ಸರಿ ತಿನ್ನಿಸಿ, ಗುಂಡುಗುಂಡಾಗ್ತಾಳೆ." ಅಕ್ಕ ಫೋನ್ ಮಾಡಿ ನನ್ನನ್ನು ಕೇಳಿದ್ದು ಒಂದೇ ಮಾತು: "ನಾನು ಸರಿಯಾಗಿ ತಿನ್ನಲಿಲ್ಲ ಅಂತ ಹೀಗಾಯ್ತೇನೋ?"

ನಾನು ಓದಿದ್ದು ಮೆಕ್ಯಾನಿಕಲ್. ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದು ಇದು. ನಾಳೆ ನಿಮಗೂ ಊರಿನಿಂದ ಇಂಥ ಫೋನ್ ಬರಬಹುದು.

ಮೊದಲು, ಸಣ್ಣ ಮಗು ಅಂದರೇನು? ಅವಧಿಗೆ ಮುಂಚೆ ಹುಟ್ಟಿ ಸಣ್ಣಗಿರುವುದು ಬೇರೆ, ತಿಂಗಳು ತುಂಬಿಯೂ ಸಣ್ಣಗಿರುವುದು ಬೇರೆ. ಅಷ್ಟೇ ವಾರಕ್ಕೆ ಹುಟ್ಟಿದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿಟ್ಟರೆ, ಅತಿ ಕಡಿಮೆ ತೂಕದ ಹತ್ತು ಮಕ್ಕಳು ಈ ಎರಡನೇ ಗುಂಪಿಗೆ ಸೇರುತ್ತವೆ. ಕಾರಣ ಒಂದೇ ಅಲ್ಲ. ಮಾಸು ಸರಿಯಾಗಿ ಕೆಲಸ ಮಾಡದಿರುವುದು, ತಾಯಿಯ ಬಿಪಿ, ರಕ್ತಹೀನತೆ, ಸೋಂಕು, ವಂಶವಾಹಿ; ಕೆಲವೊಮ್ಮೆ ಅಪ್ಪ ಅಮ್ಮನೇ ಸಣ್ಣಗಿರುತ್ತಾರೆ, ಅಷ್ಟೇ. ಎಲ್ಲವನ್ನೂ ತಾಯಿಯ ತಟ್ಟೆಯ ಮೇಲೆ ಹೊರಿಸೋದು ಅನ್ಯಾಯ.

ಇನ್ನು ಹಾರ್ಮೋನುಗಳ ವಿಷಯ. ಬೆಳವಣಿಗೆ ಅಂದ ಕೂಡಲೇ ನಮಗೆ ನೆನಪಾಗೋದು ಗ್ರೋತ್ ಹಾರ್ಮೋನ್. ಆದರೆ ಹೊಟ್ಟೆಯೊಳಗೆ ಅದರ ಪಾತ್ರ ತೀರಾ ಕಡಿಮೆ. ಅಲ್ಲಿ ಮುಖ್ಯ ಕೆಲಸ ಇನ್ಸುಲಿನ್ ಮತ್ತು ಅದನ್ನೇ ಹೋಲುವ ಐಜಿಎಫ್ ಎಂಬ ಹಾರ್ಮೋನುಗಳದ್ದು. ಮಾಸಿನ ಮೂಲಕ ಸಕ್ಕರೆ ಚೆನ್ನಾಗಿ ಬಂದರೆ ಮಗುವಿನ ಇನ್ಸುಲಿನ್ ಏರುತ್ತದೆ, ಅದರ ಜೊತೆ ಐಜಿಎಫ್-1 ಏರುತ್ತದೆ, ಮೈ ಬೆಳೆಯುತ್ತದೆ. ಪೂರೈಕೆ ಕಡಿಮೆಯಾದರೆ ಎರಡೂ ಇಳಿಯುತ್ತವೆ. ಆಗ ಮಗು ರಕ್ತವನ್ನು ಮೊದಲು ಮೆದುಳಿಗೆ ಕಳಿಸಿ, ಉಳಿದ ಕಡೆ ಕೈ ಬಿಗಿಹಿಡಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಫೀಡ್‌ಬ್ಯಾಕ್ ಕಂಟ್ರೋಲ್: ಇಂಧನ ನೋಡಿಕೊಂಡು ವೇಗ ಇಳಿಸಿಕೊಂಡ ಇಂಜಿನ್. ಎಷ್ಟೋ ಸಲ ಸಣ್ಣ ಮೈ ಅನ್ನೋದು ಬದುಕಿ ಉಳಿಯೋಕೆ ಮಾಡಿಕೊಂಡ ಹೊಂದಾಣಿಕೆ.

ಹುಟ್ಟಿದ ಮೇಲೆ ಹಾಲು ಸಿಗುತ್ತಿದ್ದಂತೆ ಇನ್ಸುಲಿನ್, ಐಜಿಎಫ್-1 ಮತ್ತೆ ಏರುತ್ತವೆ. ನಿಧಾನವಾಗಿ ಗ್ರೋತ್ ಹಾರ್ಮೋನ್ ಕೂಡ ಅಧಿಕಾರ ವಹಿಸಿಕೊಳ್ಳುತ್ತದೆ. ಇಂಥ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳು ಎರಡು ವರ್ಷದೊಳಗೆ ಉದ್ದದಲ್ಲಿ ಉಳಿದವರನ್ನು ಹಿಡಿಯುತ್ತಾರೆ. ಹಾಗೆ ಹಿಡಿಯದೆ ತೀರಾ ಕುಳ್ಳಗೆ ಉಳಿದವರಿಗೆ ಗ್ರೋತ್ ಹಾರ್ಮೋನ್ ಚಿಕಿತ್ಸೆ ಇದೆ. ಅಮೆರಿಕದಲ್ಲಿ 2001ರಲ್ಲಿ, ಯುರೋಪಿನಲ್ಲಿ 2003ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಹಾಗಾದರೆ ಬೇಗ ಬೇಗ ತಿನ್ನಿಸಿ ದಪ್ಪ ಮಾಡಿದರೆ ಒಳ್ಳೇದಲ್ವಾ? ಇಲ್ಲೇ ಇರೋದು ಎಡವಟ್ಟು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಮಕ್ಕಳ ಜನನ ತೂಕವನ್ನು ಬರೆದಿಟ್ಟಿತ್ತು. ಇಲ್ಲಿನ, ಅಂದರೆ ಇಂಗ್ಲೆಂಡಿನ ಸೌತಾಂಪ್ಟನ್ ಸಂಶೋಧಕರು ಅಲ್ಲಿನ ವೈದ್ಯರ ಜೊತೆ ಸೇರಿ, ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಪುಣೆಯ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಅಲ್ಲಿನ ಹಳ್ಳಿ ಮಕ್ಕಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ ಮಕ್ಕಳದ್ದು 3.5. ನಮ್ಮ ಮಕ್ಕಳಲ್ಲಿ ಕಡಿಮೆ ಇದ್ದದ್ದು ಸ್ನಾಯು; ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ಇಂಥ ಮೈಗೆ ಅವಸರದಲ್ಲಿ ತುರುಕಿದರೆ ಸೇರೋದು ಹೆಚ್ಚಾಗಿ ಕೊಬ್ಬು. ಮುಂದೆ ಇನ್ಸುಲಿನ್ ಮಾತು ಕೇಳದ ಮೈ, ಅದರ ಹಿಂದೆಯೇ ಸಕ್ಕರೆ ಕಾಯಿಲೆಯ ಅಪಾಯ. ಹಾಗಂತ ಇದು ಹಣೆಬರಹವೂ ಅಲ್ಲ, ಹಾಲು ಕಡಿಮೆ ಮಾಡಬೇಕು ಅಂತಲೂ ಅಲ್ಲ. ಆರು ತಿಂಗಳು ಎದೆಹಾಲು, ಆಮೇಲೆ ಮನೆ ಊಟ, ತೂಕದ ಜೊತೆಗೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಚಾರ್ಟಿನಲ್ಲಿ ಗುರುತು ಹಾಕೋದು. ಒಂದು ದಿನದ ಅಂಕಿಗಿಂತ ಆ ಗೆರೆ ಯಾವ ಕಡೆ ಹೋಗ್ತಿದೆ ಅನ್ನೋದು ಮುಖ್ಯ. ಗೆರೆ ಏರದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಬೇಕು, ವಾಟ್ಸಾಪ್ ಗ್ರೂಪನ್ನಲ್ಲ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನ ತಪ್ಪಲ್ಲ ಅಲ್ವೇನೋ?" ಅಂದಳು. ಅಲ್ಲ ಕಣೆ ಅಂದೆ. ಈಗ ಪ್ರತಿ ತಿಂಗಳೂ ನನಗೆ ಆ ಚಾರ್ಟಿನ ಫೋಟೋ ಬರುತ್ತೆ. ಪುಟ್ಟಿ ಈಗಲೂ ಸಣ್ಣಕ್ಕೇ ಇದ್ದಾಳೆ. ಗೆರೆ ಮಾತ್ರ ಮೇಲಕ್ಕೆ ಹೋಗ್ತಾ ಇದೆ.