ಕಿರಿದಾದ ಜಠರವೂ ಅಕ್ಕಿಯ ನಾಡೂ

ನಾವು ಉಂಡ ಆಹಾರವು ಮೊದಲು ಬಂದು ತಂಗುವ ಎಡೆ ಜಠರ. ಬರಿದಾಗಿರುವಾಗ ಅದು ಮುದುಡಿದ ಚೀಲದಂತಿದ್ದು, ಊಟದ ವೇಳೆಯಲ್ಲಿ ಹಿಗ್ಗಿ ಒಂದರಿಂದ ಒಂದೂವರೆ ಲೀಟರಿನಷ್ಟು ಅನ್ನಪಾನಗಳಿಗೆ ಎಡೆಗೊಡುತ್ತದೆ. ಮಿತಿಮೀರಿದ ಸ್ಥೂಲತೆಯ ಪರಿಹಾರಕ್ಕೆಂದು ಇಂದು ಮಾಡುವ ಶಸ್ತ್ರಕ್ರಿಯೆಗಳು ಈ ಚೀಲವನ್ನೇ ಕಿರಿದುಗೊಳಿಸುತ್ತವೆ. ಹೆಚ್ಚು ಬಳಕೆಯಲ್ಲಿರುವ ವಿಧಾನಗಳು ಎರಡು. ಒಂದರಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳನ್ನು ಹೋಲುವ ಇಕ್ಕಟ್ಟಾದ ಕೊಳವೆಯೊಂದನ್ನು ಉಳಿಸುತ್ತಾರೆ. ಆದುದರಿಂದಲೇ ಅದಕ್ಕೆ 'ಸ್ಲೀವ್' ಎಂದು ಹೆಸರು. ಹೀಗೆ ಉಳಿದ ಜಠರದಲ್ಲಿ 100ರಿಂದ 150 ಮಿಲಿಲೀಟರು ಹಿಡಿದರೆ ಹೆಚ್ಚು. ಇನ್ನೊಂದು 'ಬೈಪಾಸ್'. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಎರಡು ದೊಡ್ಡ ಚಮಚೆಯಷ್ಟು ಆಹಾರ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಊರೊಳಗೆ ಪ್ರವೇಶಿಸದೆ ಹೊರಗಿನಿಂದಲೇ ಸಾಗುವ ರಸ್ತೆಯಂತೆ, ಆಹಾರವು ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆಯೇ ಮುಂದೆ ಹೋಗುತ್ತದೆ. ಸ್ಥೂಲತೆಗಾಗಿ ಈ ಬಗೆಯ ಶಸ್ತ್ರಕ್ರಿಯೆಯನ್ನು ಮೊದಲು ಮಾಡಿದವನು ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್, ಅದು 1966ರಲ್ಲಿ.

ಚೀಲ ಕಿರಿದಾಗುವುದರಿಂದ ಮಾತ್ರವೇ ಮೈ ಇಳಿಯುತ್ತದೆಂದು ತಿಳಿಯಬಾರದು. ಹಸಿವನ್ನು ಎಬ್ಬಿಸುವ 'ಗ್ರೆಲಿನ್' ಎಂಬ ಹಾರ್ಮೋನು ಜಠರದ ಮೇಲ್ಭಾಗದಲ್ಲಿಯೇ ಹೆಚ್ಚಾಗಿ ಹುಟ್ಟುತ್ತದೆ ಎಂಬುದನ್ನು ಜಪಾನಿನ ಕೊಜಿಮಾ, ಕಂಗಾವಾ ಮತ್ತು ಅವರ ಸಂಗಡಿಗರು 1999ರಲ್ಲಿ ಕಂಡುಹಿಡಿದರು. ಸ್ಲೀವ್ ವಿಧಾನದಲ್ಲಿ ಕತ್ತರಿಸಿ ಹೋಗುವುದು ಈ ಭಾಗವೇ. ಬೈಪಾಸ್ ಆದವರಲ್ಲಿ ಆಹಾರವು ಬೇಗನೆ ಕೆಳಗರುಳನ್ನು ತಲಪಿ, ತೃಪ್ತಿಯನ್ನು ತರುವ ಬೇರೆ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಮಧುಮೇಹಿಗಳಲ್ಲಿ ಮೈತೂಕ ಇಳಿಯುವುದಕ್ಕೂ ಮುಂಚೆಯೇ, ಕೆಲವು ದಿನಗಳೊಳಗಾಗಿ, ರಕ್ತದ ಸಕ್ಕರೆ ತಗ್ಗುವುದುಂಟು. ಹಳೆಯ ಪ್ರಮಾಣದಲ್ಲಿಯೇ ಮಾತ್ರೆ ನುಂಗುತ್ತಿದ್ದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದಾದುದರಿಂದ, ಔಷಧಿಯ ಪ್ರಮಾಣವನ್ನು ವೈದ್ಯರು ಕೂಡಲೆ ತಿದ್ದಬೇಕಾಗುತ್ತದೆ.

ಈ ಶಸ್ತ್ರಕ್ರಿಯೆಯು ಯಾರಿಗೆ ಸಲ್ಲುತ್ತದೆಂಬ ವಿಷಯದಲ್ಲಿ 2022ರಲ್ಲಿ ವೈದ್ಯರ ಸಂಘಗಳೆರಡು ಹೊಸ ಸೂಚನೆಗಳನ್ನು ಹೊರಡಿಸಿದುವು. ಏಷ್ಯದ ಜನರಲ್ಲಿ ಕಡಮೆ ತೂಕದಲ್ಲಿಯೇ ಮಧುಮೇಹಾದಿ ತೊಡಕುಗಳು ತಲೆದೋರುವುದರಿಂದ, ದೇಹರಾಶಿಯ ಸೂಚ್ಯಂಕ 27.5 ಆಗಿರುವವರಿಗೂ ಇದನ್ನು ಪರಿಶೀಲಿಸಬಹುದೆಂದು ಅವು ಹೇಳುತ್ತವೆ. 165 ಸೆಂಟಿಮೀಟರು ಎತ್ತರವಿರುವವರಿಗೆ ಇದು ಸುಮಾರು 75 ಕಿಲೋ ತೂಕ! ಅಷ್ಟು ತೂಗುವವರೆಲ್ಲರೂ ಶಸ್ತ್ರಕ್ರಿಯೆಗೆ ಓಡಬೇಕೆಂದು ಇದರ ಅರ್ಥವಲ್ಲ. ಆದರೆ ಮಹಾನಗರದ ಆಸ್ಪತ್ರೆಯಿಂದ ಕಿರಿದಾದ ಜಠರದೊಂದಿಗೆ ಬಳ್ಳಾರಿಗೋ, ಸಿರುಗುಪ್ಪಕ್ಕೋ, ಕುರುಗೋಡಿಗೋ ಮರಳುವವರ ಸಂಖ್ಯೆ ಇನ್ನು ಮೇಲೆ ಹೆಚ್ಚುವುದೇ ಹೊರತು ಕುಗ್ಗಲಾರದು. ಶಸ್ತ್ರಕ್ರಿಯೆ ಒಂದೆರಡು ಗಂಟೆಗಳ ಕೆಲಸ. ಅನಂತರದ ಬಾಳು ನಡೆಯಬೇಕಾದುದು ಊರಿನ ಅಡಿಗೆಮನೆಯಲ್ಲಿ, ಊರಿನ ಬಿಸಿಲಿನಲ್ಲಿ.

ಆ ಅಡಿಗೆಮನೆಯಲ್ಲಿರುವುದು ಅಕ್ಕಿ. ಸಿರುಗುಪ್ಪದ ಹೊಳೆಯ ದಂಡೆಯಲ್ಲಿ ಭತ್ತ ಹಿಂದಿನಿಂದಲೂ ಉಂಟು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಹರಿದ ಮೇಲಂತೂ ಜೋಳದ ಹೊಲಗಳೆಷ್ಟೋ ಗದ್ದೆಗಳಾದುವು. ಜೋಳದ ರೊಟ್ಟಿಯೊಡನೆ ಬಿಳಿಯ ಅನ್ನವೂ ಎಲ್ಲರ ತಟ್ಟೆಗೆ ಬಂದಿತು. ಕಿರಿದಾದ ಜಠರಕ್ಕೆ ಈ ಅನ್ನ ಒಡನೆಯೇ ಒಗ್ಗುವುದಿಲ್ಲ. ಅದು ನೀರುಂಡು ಹಿಗ್ಗುತ್ತದೆ, ಮುದ್ದೆಗಟ್ಟಿ ಇಕ್ಕಟ್ಟಾದ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎದೆ ಬಿಗಿದಂತಾಗಿ ವಾಂತಿಯಾಗುತ್ತದೆ. ಮೊದಲ ವಾರಗಳಲ್ಲಿ ದ್ರವಾಹಾರ, ಬಳಿಕ ನುಣ್ಣಗೆ ಕಿವುಚಿದ ಆಹಾರ, ಸುಮಾರು ಎರಡು ತಿಂಗಳಾಗುವ ಹೊತ್ತಿಗೆ ಮೆಲ್ಲಮೆಲ್ಲನೆ ಗಟ್ಟಿ ಪದಾರ್ಥ ಎಂಬ ಕ್ರಮವನ್ನು ವೈದ್ಯರು ವಿಧಿಸುವುದು ಇದಕ್ಕಾಗಿಯೇ. ಅವಸರದಿಂದ ನುಂಗಿದ ನಾಲ್ಕು ತುತ್ತು ಹೊರಬಂದರೆ ಅದೊಂದು ದೊಡ್ಡ ಸಂಗತಿಯಲ್ಲ. ಆದರೆ ವಾಂತಿ ದಿನವೂ ಆಗತೊಡಗಿ ವಾರ ಕಳೆಯಿತೆಂದರೆ ಅಲ್ಲಿ ಬೇರೊಂದು ಅಪಾಯ ಹೊಂಚುಹಾಕಿರುತ್ತದೆ. ಅದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1881ನೆಯ ಇಸವಿಯ ಜನವರಿಯಲ್ಲಿ ವಿಯೆನ್ನ ನಗರದ ಬಿಲ್‌ರೋಟ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ಅರ್ಬುದ ರೋಗಕ್ಕೆ ತುತ್ತಾಗಿದ್ದ ಹೆಂಗಸೊಬ್ಬಳ ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕರುಳಿಗೆ ಹೊಲಿದನು. ಜಠರದ ಛೇದನದಿಂದ ಚೇತರಿಸಿಕೊಂಡ ಮೊದಲನೆಯ ರೋಗಿ ಆಕೆ. ಆದರೂ ಅದೇ ಅರ್ಬುದದಿಂದ ಕೆಲವು ತಿಂಗಳುಗಳಲ್ಲಿ ತೀರಿಕೊಂಡಳು. ಅದೇ ವರ್ಷ ಜರ್ಮನಿಯ ವೆರ್ನಿಕೆ ಎಂಬ ವೈದ್ಯನು ಮಿದುಳಿನ ವಿಚಿತ್ರ ರೋಗವೊಂದನ್ನು ವರ್ಣಿಸಿದನು. ರೋಗಿಗೆ ಬುದ್ಧಿ ಮಸುಕಾಗುತ್ತದೆ, ಕಣ್ಣುಗುಡ್ಡೆಗಳು ಸರಿಯಾಗಿ ಹೊರಳದೆ ಒಂದು ವಸ್ತು ಎರಡಾಗಿ ತೋರುತ್ತದೆ, ನಡಗೆ ತೂರಾಡುತ್ತದೆ. ವೆರ್ನಿಕೆ ಕಂಡ ಮೂವರಲ್ಲಿ ಇಬ್ಬರು ಕುಡಿತಕ್ಕೆ ಬಿದ್ದವರು. ಮೂರನೆಯವಳು ಮಾತ್ರ ಎಳೆಯ ಪ್ರಾಯದ ದರ್ಜಿ ಹೆಣ್ಣು. ಗಂಧಕಾಮ್ಲವನ್ನು ನುಂಗಿ ಅವಳ ಜಠರದ ಬಾಯಿ ಸುಟ್ಟು ಇಕ್ಕಟ್ಟಾಗಿತ್ತು, ತಿಂದುದೆಲ್ಲ ವಾಂತಿಯಾಗುತ್ತಿತ್ತು. ಜಠರ ಕಿರಿದಾಗಿ ವಾಂತಿ ನಿಲ್ಲದಿದ್ದರೆ ಮಿದುಳು ಕೆಡಬಹುದೆಂಬ ಸಾಕ್ಷ್ಯ ಅಂದೇ ದೊರೆತಿತ್ತು. ಕಾರಣ ಮಾತ್ರ ತಿಳಿದಿರಲಿಲ್ಲ.

ಕಾರಣವು ಹೊರಬಿದ್ದುದು ಅಕ್ಕಿಯ ನಾಡುಗಳಲ್ಲಿ. ಕಾಲು ಜೋಮು ಹಿಡಿದು, ಸ್ನಾಯುಗಳು ಸೋತು, ಹೃದಯ ಕುಸಿಯುವ ಬೆರಿಬೆರಿ ರೋಗವು ಆಗ್ನೇಯ ಏಷ್ಯದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ, ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ತನ್ನ ಪ್ರಯೋಗಶಾಲೆಯ ಕೋಳಿಗಳಿಗೂ ಅಂಥದೇ ಬೇನೆ ಬಂದುದನ್ನು ಕಂಡನು. ಅವುಗಳಿಗೆ ಆಸ್ಪತ್ರೆಯ ಅಡಿಗೆಮನೆಯ ಮಿಕ್ಕ ಬಿಳಿಯ ಅನ್ನವನ್ನು ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು ಸೈನಿಕರ ಅಕ್ಕಿಯನ್ನು ಕೋಳಿಗಳಿಗೆ ಕೊಡಲಾರೆನೆಂದು ಹಟ ಹಿಡಿದನಂತೆ. ತೌಡು ಹೋಗದ ಅಕ್ಕಿಯನ್ನು ತಿಂದ ಕೋಳಿಗಳು ಚೇತರಿಸಿಕೊಂಡುವು! ತೌಡಿನಲ್ಲಿದ್ದ ಆ ಸಾರವೇ ಬಿ1 ಜೀವಸತ್ತ್ವ, ಎಂದರೆ ಥಯಮಿನ್. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1936ರಲ್ಲಿ ಥಯಮಿನನ್ನು ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನೆಲ್ಲೂರಿನಲ್ಲಿ, ಅದೂ ಅಕ್ಕಿಯ ಸೀಮೆಯೇ. ನಮ್ಮ ದೇಶದ ಆಹಾರ ಸಂಶೋಧನೆಯ ಬೇರು ಕೂಡ ಇದೇ ರೋಗದಲ್ಲಿದೆ: ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು 1918ರಲ್ಲಿ ಮೆಕ್‌ಕ್ಯಾರಿಸನ್ನನ ಕೈಯಲ್ಲಿ, ಆಗ ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತದ ಕೂನೂರಿನಲ್ಲಿ, ಬೆರಿಬೆರಿಯ ವಿಚಾರಣೆಗೆಂದು ಒಂದೇ ಕೊಠಡಿಯಲ್ಲಿ ಆರಂಭವಾಯಿತು.

ಥಯಮಿನ್ನಿನ ಕೆಲಸವೇನು? ನಾವು ತಿಂದ ಪಿಷ್ಟ ಸಕ್ಕರೆಗಳನ್ನು ಜೀವಕೋಶಗಳು ಉರಿಸಿ ಶಕ್ತಿಯನ್ನು ಪಡೆಯುವಾಗ ಅದು ಕೀಲಿಕೈಯಂತೆ ನೆರವಾಗುತ್ತದೆ. ದಿನಕ್ಕೆ ಬೇಕಾದುದು ಸುಮಾರು ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು. ದೇಹದ ದಾಸ್ತಾನಿನಲ್ಲಿರುವುದು 25ರಿಂದ 30 ಮಿಲಿಗ್ರಾಂ ಮಾತ್ರ. ಹೊಸ ಪೂರೈಕೆ ನಿಂತರೆ ಎರಡು ಮೂರು ವಾರಗಳಲ್ಲಿ ಉಗ್ರಾಣ ಬರಿದು. ಶಸ್ತ್ರಕ್ರಿಯೆಯಾಗಿ ಒಂದರಿಂದ ಮೂರು ತಿಂಗಳೊಳಗೆ, ಊಟ ಸೇರದೆ ವಾಂತಿಯಿಂದ ಬಳಲುವವರಲ್ಲಿ, ಐಕ್‌ಮನ್ನನ ಕೋಳಿಗಳ ರೋಗವೂ ವೆರ್ನಿಕೆಯ ದರ್ಜಿ ಹೆಣ್ಣಿನ ರೋಗವೂ ಮತ್ತೆ ತಲೆಯೆತ್ತುವುದು ಹೀಗೆ. ಸಕಾಲದಲ್ಲಿ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಬಹುಮಟ್ಟಿಗೆ ಗುಣ ಕಾಣುತ್ತದೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಅಳಿಯಬಹುದು, ಪ್ರಾಣವೂ ಹೋಗಬಹುದು. ಮದ್ದೇನೋ ಅಗ್ಗವಾದದ್ದು, ದುರ್ಲಭವಾಗಿರುವುದು ಅದರ ನೆನಪು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ವಾಂತಿಯಿಂದ ಸೊರಗಿದವರಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸುವುದು ನಮ್ಮ ಊರುಗಳಲ್ಲಿ ಬೇರೂರಿದ ಪದ್ಧತಿ. ಜನರೇ ಕೇಳಿ ಹಾಕಿಸಿಕೊಳ್ಳುವುದುಂಟು. ಥಯಮಿನ್ ಬರಿದಾಗಿರುವ ದೇಹಕ್ಕೆ ಒಮ್ಮೆಲೆ ಗ್ಲೂಕೋಸ್ ಹರಿದರೆ, ಅದನ್ನು ಉರಿಸುವ ಯತ್ನದಲ್ಲಿ ಉಳಿದ ಅಲ್ಪಸ್ವಲ್ಪ ಥಯಮಿನ್ನೂ ವೆಚ್ಚವಾಗಿ, ಮಿದುಳಿನ ರೋಗ ಇದ್ದಕ್ಕಿದ್ದಂತೆ ಭುಗಿಲೇಳಬಹುದು. ಆದುದರಿಂದ ಮೊದಲು ಥಯಮಿನ್, ಅನಂತರ ಗ್ಲೂಕೋಸ್ ಎಂಬುದು ನಿಯಮ. ರಕ್ತದ ಸಕ್ಕರೆ ತೀರ ಇಳಿದಿದ್ದರೆ ಗ್ಲೂಕೋಸಿಗೆ ತಡಮಾಡುವಂತಿಲ್ಲ. ಆಗ ಎರಡನ್ನೂ ಜೊತೆಯಲ್ಲಿಯೇ ಕೊಡಬೇಕು. ನಡುರಾತ್ರಿಯಲ್ಲಿ ಕಂಡ ವೈದ್ಯರಿಗೆ ಇದು ಸಾಮಾನ್ಯ ವಾಂತಿಯೋ ಕಿರಿದಾದ ಜಠರದ ವಾಂತಿಯೋ ತಿಳಿಯುವ ಬಗೆ ಹೇಗೆ? ಹೊಟ್ಟೆಯ ಮೇಲಿರುವುದು ಅರ್ಧ ಅಂಗುಲದ ನಾಲ್ಕೈದು ಗಾಯದ ಕಲೆಗಳಷ್ಟೆ. ಯಾವ ಶಸ್ತ್ರಕ್ರಿಯೆ, ಯಾವ ದಿನ, ಯಾವ ಮಾತ್ರೆಗಳು ಎಂಬುದನ್ನು ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿಯೂ ಮನೆಯವರ ಕೈಯಲ್ಲಿಯೂ ಸದಾ ಇರುವುದು, ನನ್ನ ಎಣಿಕೆಯಲ್ಲಿ, ಎಷ್ಟೋ ದುಬಾರಿ ಪರೀಕ್ಷೆಗಳಿಗಿಂತ ಮೇಲು. ಸ್ಥೂಲತೆಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡುದನ್ನು ನಾಚಿಕೆಯಿಂದ ಬಚ್ಚಿಡುವವರು ಬಹಳ. ನೆಂಟರಿಂದ ಬಚ್ಚಿಟ್ಟರೆ ಅಡ್ಡಿಯಿಲ್ಲ, ವೈದ್ಯರಿಂದ ಬಚ್ಚಿಡಲಾಗದು.

ಇನ್ನು ದಿನದಿನದ ಊಟ. ತಟ್ಟೆಯಲ್ಲಿರುವುದು ಕೆಲವೇ ತುತ್ತುಗಳಾದ ಮೇಲೆ ಪ್ರತಿಯೊಂದು ತುತ್ತಿಗೂ ಬೆಲೆ ಬರುತ್ತದೆ. ದಿನಕ್ಕೆ 60 ಗ್ರಾಂ ಆದರೂ ಸಸಾರಜನಕ ಸೇರದಿದ್ದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಬೇಳೆಯ ಕಟ್ಟು, ಮೊಸರು, ಪನೀರು, ಬೇಯಿಸಿದ ಮೊಟ್ಟೆ ಮೊದಲು. ಅನ್ನ ಕೊನೆಗೆ, ಎಡೆಯಿದ್ದರೆ. ಇದು ನಮ್ಮ ರೂಢಿಗೆ ತಲೆಕೆಳಗಾದ ಊಟ. ಬಿರುಸಾದ ಜೋಳದ ರೊಟ್ಟಿಗಿಂತ ಮೆತ್ತಗೆ ಬೆಂದ ಜೋಳದ ನುಚ್ಚು ಮಜ್ಜಿಗೆ ಒಳ್ಳೆಯದು. ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿಯನ್ನು ನಾಲ್ಕು ಸಲ ತೊಳೆದು, ಗಂಜಿ ಬಸಿದು ಉಣ್ಣುವಲ್ಲಿ ಥಯಮಿನ್ ಮುಕ್ಕಾಲು ಮೋರಿಗೆ ಹೋಗಿರುತ್ತದೆ. ಕುಸುಬಲಕ್ಕಿಯಲ್ಲಿ ಅದು ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಹಾಗೆಂದು ಜೋಳವೊಂದನ್ನೇ ನಂಬುವಂತೆಯೂ ಇಲ್ಲ. ಜೋಳವನ್ನೇ ಉಂಡು ಬದುಕುವ ದಖನ್ನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ಎಂಬ ಚರ್ಮರೋಗವನ್ನು ಕುರಿತು ಗೋಪಾಲನ್ ಮತ್ತು ಶ್ರೀಕಂಠಯ್ಯ ಅವರು ಹೈದರಾಬಾದಿನಿಂದ 1960ರಲ್ಲಿ ಪ್ರಕಟಿಸಿದ ಲೇಖನ ಲೋಕಪ್ರಸಿದ್ಧವಾದುದು. ಯಾವ ಧಾನ್ಯವೂ ಒಂಟಿಯಾಗಿ ಸಾಲದು. ಕಿರಿದಾದ ಜಠರಕ್ಕೆ ಧಾನ್ಯ, ಬೇಳೆಗಳೆಲ್ಲ ಸೇರಿದರೂ ಸಾಲದೆ, ಜೀವಸತ್ತ್ವಗಳ ಮಾತ್ರೆ ಜೀವಾವಧಿ ಬೇಕಾಗುತ್ತದೆ.

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಮುಂದಿನ ಕಷ್ಟವನ್ನು ವಿವರಿಸಬೇಕಾದ್ದಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರುವ ಸೆಖೆಯಲ್ಲಿ ಹೊಲದಿಂದ ಬಂದವರು ಒಂದು ಚೊಂಬು ನೀರನ್ನು ಗಟಗಟನೆ ಕುಡಿಯುವುದು ಸಹಜ. ಕಿರಿದಾದ ಜಠರದಲ್ಲಿ ಚೊಂಬಿಗೆ ಎಡೆಯಿಲ್ಲ. ಒಂದೂವರೆ ಎರಡು ಲೀಟರು ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಊಟವಾಗಿ ಅರ್ಧ ಗಂಟೆಯ ಮೇಲೆ ಮತ್ತೆ ತೊಡಗಬೇಕು. ಬಾಯಾರಿದ ಮೇಲೆ ಒಟ್ಟಿಗೆ ತೀರಿಸಿಕೊಳ್ಳುವ ಸಾಲ ಇದಲ್ಲ. ಮೂತ್ರ ಕಡುಹಳದಿಯಾಗುವುದು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು ನೀರಡಕೆಯ ಸೂಚನೆಗಳು. ಬೇಸಗೆಯಲ್ಲಿ ಕೂಲಿಕೆಲಸಕ್ಕೆ ಹೋಗುವವರು ಶಸ್ತ್ರಕ್ರಿಯೆಯ ಕಾಲವನ್ನು ಗೊತ್ತುಮಾಡುವಾಗ ಇದನ್ನು ವೈದ್ಯರೊಡನೆ ಮಾತಾಡುವುದು ಲೇಸು.

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೋ ಮದುವೆಗೋ ಹೋದಾಗ ಬಡಿಸುವವರ ಒತ್ತಾಯ ಬೇರೆ. ಬೈಪಾಸ್ ಆದವರು ಹೋಳಿಗೆಯನ್ನೋ ಕಬ್ಬಿನ ಹಾಲನ್ನೋ ತೆಗೆದುಕೊಂಡರೆ, ಸಕ್ಕರೆಯು ನೇರವಾಗಿ ಕರುಳಿಗೆ ಇಳಿದು, ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿ ಆರಂಭವಾಗಬಹುದು. ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ಇನ್ನೊಂದು ತೊಡಕು ಸದ್ದಿಲ್ಲದ್ದು. ಮಂಡಕ್ಕಿಯ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಐಸ್ ಕ್ರೀಮು ಇಂಥವು ಮೆತ್ತಗಾಗಿ ಜಾರಿ ಹೋಗುವುದರಿಂದ ಜಠರ ತಡೆಯೊಡ್ಡುವುದೇ ಇಲ್ಲ. ಒಂದೂವರೆ ಎರಡು ವರ್ಷಗಳಾದ ಮೇಲೆ ಕೆಲವರಲ್ಲಿ ತೂಕ ಮೆಲ್ಲನೆ ಮರಳುವುದು ಈ ದಾರಿಯಿಂದಲೇ. ಮದ್ಯವೂ ಮೊದಲಿಗಿಂತ ಬೇಗ ತಲೆಗೇರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಬ್ರೂಫೆನ್ ಜಾತಿಯ ಮಾತ್ರೆಗಳು ಹೊಲಿಗೆಯ ಜಾಗದಲ್ಲಿ ಹುಣ್ಣನ್ನು ಮಾಡುತ್ತವೆ, ಹೊಗೆಸೊಪ್ಪು ಕೂಡ.

ಮೂರನೆಯ ತಿಂಗಳ ಸುಮಾರಿನಲ್ಲಿ ತಲೆಗೂದಲು ಉದುರತೊಡಗಿ ಹೆಂಗಸರು ಕಂಗೆಡುತ್ತಾರೆ. ಪೋಷಣೆ ಸರಿಯಿದ್ದರೆ ಅದು ಮತ್ತೆ ಬೆಳೆಯುತ್ತದೆ. ತೂಕ ಇಳಿದಂತೆ ಮುಟ್ಟು ಕ್ರಮಕ್ಕೆ ಬಂದು, ಮಕ್ಕಳಾಗದಿದ್ದವರಿಗೂ ಬೇಗನೆ ಗರ್ಭ ನಿಲ್ಲುವುದುಂಟು. ಆದರೆ ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳು ಕಾಯಬೇಕೆಂಬುದು ವೈದ್ಯರ ಸಲಹೆ. ಕರಗುತ್ತಿರುವ ದೇಹದಲ್ಲಿ ಶಿಶುವಿಗೆ ಹಂಚಲು ಮಿಗತೆಯಿರುವುದಿಲ್ಲ. ಕಬ್ಬಿಣವು ಹೀರಲ್ಪಡುವುದು ಮುಖ್ಯವಾಗಿ ಬೈಪಾಸಿನಲ್ಲಿ ಬಿಟ್ಟುಹೋದ ಕರುಳಿನ ಮೊದಲ ಭಾಗದಲ್ಲಿಯೇ ಆದುದರಿಂದ ರಕ್ತಹೀನತೆ ಬಲು ಸಾಮಾನ್ಯ. ಕಬ್ಬಿಣದ ಮಾತ್ರೆಯನ್ನು ಚಹದೊಡನೆ ನುಂಗಿದರೆ ಇದ್ದ ಅಲ್ಪ ಫಲವೂ ಹೋಗುತ್ತದೆ.

ಬಿ12ರ ಕಥೆ ಥಯಮಿನ್ನಿಗೆ ತೀರ ವಿರುದ್ಧ. ಅದು ಯಕೃತ್ತಿನಲ್ಲಿ ವರ್ಷಗಟ್ಟಲೆಗಾಗುವಷ್ಟು ಸಂಗ್ರಹವಾಗಿರುತ್ತದೆ. ಜಠರದ ರಸ ತಗ್ಗಿ ಅದರ ಪೂರೈಕೆ ಕುಂಠಿತವಾದರೂ ಎರಡು ಮೂರು ವರ್ಷ ಏನೂ ತೋರುವುದಿಲ್ಲ. ಅಷ್ಟರಲ್ಲಿ ತೂಕ ಇಳಿದು, ಮಧುಮೇಹದ ಮಾತ್ರೆ ಬಿಟ್ಟು, ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಯ ದಾರಿ ಮರೆತಿರುತ್ತದೆ. ಆಮೇಲೆ ಅಂಗಾಲು ಜುಮುಗುಟ್ಟುತ್ತದೆ, ಚಪ್ಪಲಿ ಜಾರಿ ಹೋದುದು ಕಾಲಿಗೆ ತಿಳಿಯುವುದಿಲ್ಲ, ಕತ್ತಲಲ್ಲಿ ನಡೆದರೆ ತಡವರಿಸುತ್ತದೆ. ವರ್ಷಕ್ಕೊಮ್ಮೆ ರಕ್ತವನ್ನು ಪರೀಕ್ಷಿಸಿದರೆ ಇದು ಮೊದಲೇ ಗೊತ್ತಾಗುತ್ತದೆ. ಸಿರುಗುಪ್ಪದವರಾಗಲಿ ಕುರುಗೋಡಿನವರಾಗಲಿ ಇದಕ್ಕಾಗಿ ಪ್ರತಿ ಸಲವೂ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾಗಿಲ್ಲ. ರಕ್ತದ ಮಾದರಿಯನ್ನು ಬಳ್ಳಾರಿಯಲ್ಲಿಯೇ ಕೊಡಬಹುದು. ಬಿ12 ಚುಚ್ಚುಮದ್ದನ್ನು ಊರಿನ ವೈದ್ಯರೇ ಹಾಕಬಲ್ಲರು.