ಎರೆಹುಳುವಿನ ಸಂತಾನೋತ್ಪತ್ತಿ ಮತ್ತು ಮರಿಹುಳುಗಳ ಸಂರಕ್ಷಣೆ

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯೂ ಸೇರಿದಂತೆ ಹಾಸನ ಜಿಲ್ಲೆಯಲ್ಲಿ ಎರೆಗೊಬ್ಬರ ತಯಾರಿಸುವ ರೈತರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಂತಾನೋತ್ಪತ್ತಿಯ ಕ್ರಮ

ಕಾರವಾರದ ಕಡಲತೀರದಲ್ಲಿ ಬಂಡೆ, ಚಿಪ್ಪುಗಳ ಮೇಲೆ ಕೊಳವೆ ಕಟ್ಟಿಕೊಂಡು ಬಾಳುವ ಹುಳುಗಳೂ ಎರೆಹುಳುಗಳೂ ವಲಯವಂತ ಪ್ರಾಣಿಗಳ ವರ್ಗಕ್ಕೇ ಸೇರಿವೆ. ಕಡಲಿನ ಕೊಳವೆಹುಳುಗಳಲ್ಲಿ ಅನೇಕವು ಅಂಡ ಹಾಗೂ ವೀರ್ಯಾಣುಗಳನ್ನು ನೀರಿಗೇ ಬಿಡುತ್ತವೆ. ಹುಟ್ಟಿದ ಡಿಂಬಗಳು ಕೆಲಕಾಲ ಈಜಿ, ಅನಂತರ ಒಂದೆಡೆ ನೆಲೆಸಿ ಕೊಳವೆ ಕಟ್ಟುತ್ತವೆ. ನೆಲದ ಎರೆಹುಳುವಿಗೆ ಈಜುವ ಡಿಂಬಾವಸ್ಥೆ ಇರುವುದಿಲ್ಲ.

ಎರೆಹುಳು ಉಭಯಲಿಂಗಿಯಾದರೂ ಸಾಮಾನ್ಯವಾಗಿ ಎರಡು ಹುಳುಗಳು ಕೂಡಿ ವೀರ್ಯಾಣುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಬಳಿಕ ದೇಹದ ಮುಂಭಾಗದಲ್ಲಿರುವ ಉಬ್ಬಿದ ಪಟ್ಟಿಯು ಲೋಳೆಯ ಉಂಗುರವನ್ನು ಸ್ರವಿಸುತ್ತದೆ. ಅಂಡ ಮತ್ತು ವೀರ್ಯಾಣುಗಳನ್ನು ಹೊತ್ತ ಈ ಉಂಗುರವು ತಲೆಯ ಮೂಲಕ ಕಳಚಿ, ಎರಡೂ ತುದಿ ಮುಚ್ಚಿ, ತತ್ತಿಕೋಶವಾಗುತ್ತದೆ. ಸಾಮಾನ್ಯವಾಗಿ ಫಲೀಕರಣವು ಕೋಶದೊಳಗೆ ನಡೆಯುತ್ತದೆ. ಗೊಬ್ಬರಕ್ಕೆ ಬಳಸುವ ಯೂಡ್ರಿಲಸ್ ಯೂಜಿನಿಯೇ ಮತ್ತು ಐಸೀನಿಯ ಫೆಟಿಡ ತಳಿಗಳಲ್ಲಿ ಅನುಕೂಲಕರ ಉಷ್ಣಾಂಶವಿದ್ದಾಗ ಸುಮಾರು 2ರಿಂದ 4 ವಾರಗಳಲ್ಲಿ ಕೋಶ ಒಡೆದು, ಸಾಮಾನ್ಯವಾಗಿ 2-3 ಮರಿಗಳು ಹೊರಬರುತ್ತವೆ. ಇವು ಸುಮಾರು 6ರಿಂದ 8 ವಾರಗಳಲ್ಲಿ ಪ್ರೌಢಾವಸ್ಥೆ ತಲುಪುತ್ತವೆ.

ರೈತರು ಗಮನಿಸಬೇಕಾದ ಅಂಶಗಳು

1. ಹಸಿ ಸಗಣಿ ಕೊಳೆಯುವಾಗ ಉಂಟಾಗುವ ಶಾಖದಿಂದ ಹುಳುಗಳು ಸಾಯುತ್ತವೆ. 15-20 ದಿನ ಕಳೆದ ಸಗಣಿಯನ್ನು ಬಳಸುವುದು.

2. ತೊಟ್ಟಿಗೆ ನೆರಳು ಹಾಗೂ ಹದವಾದ ತೇವ ಇರಬೇಕು. ನೀರು ನಿಲ್ಲಬಾರದು. ಇರುವೆ, ಇಲಿ, ಕೋಳಿಗಳಿಂದ ರಕ್ಷಣೆ ಒದಗಿಸುವುದು.

3. ಗೊಬ್ಬರ ತೆಗೆಯುವ 4-5 ದಿನ ಮೊದಲು ನೀರು ನಿಲ್ಲಿಸಿದಲ್ಲಿ ದೊಡ್ಡ ಹುಳುಗಳು ಕೆಳಪದರಕ್ಕೆ ಇಳಿಯುತ್ತವೆ. ಆದರೆ ತತ್ತಿಕೋಶಗಳು ಚಲಿಸಲಾರವು. ಅವು ತೆಗೆದ ಗೊಬ್ಬರದಲ್ಲಿಯೇ ಉಳಿಯುತ್ತವೆ. ಆ ಗೊಬ್ಬರವನ್ನು ಬಿಸಿಲಿನಲ್ಲಿ ಒಣಗಿಸಿದರೆ ಮುಂದಿನ ಪೀಳಿಗೆಯೇ ನಾಶವಾಗಿ, ರೈತರು ಹಣ ತೆತ್ತು ಪುನಃ ಹುಳು ಕೊಳ್ಳಬೇಕಾಗುತ್ತದೆ.

4. ಆದ್ದರಿಂದ ಗೊಬ್ಬರವನ್ನು ನೆರಳಿನಲ್ಲಿ ತೇವವಾಗಿ 3-4 ವಾರ ರಾಶಿ ಹಾಕಿ, ನಡುವೆ ಅರೆಕೊಳೆತ ಸಗಣಿಯ ಉಂಡೆಗಳನ್ನು ಇಡುವುದು. ಒಡೆದ ಕೋಶಗಳ ಮರಿಗಳು ಆಹಾರಕ್ಕಾಗಿ ಉಂಡೆಗಳಲ್ಲಿ ಸೇರುತ್ತವೆ. ಅವುಗಳನ್ನು ಹೊಸ ತೊಟ್ಟಿಗೆ ಬಿಡಬಹುದು.

ಸೌಲಭ್ಯ ಕೋರುವವರಿಗೆ ಸೂಚನೆ

ಎರೆಗೊಬ್ಬರ ಘಟಕಕ್ಕೆ ಲಭ್ಯವಿರುವ ಸಹಾಯಧನದ ವಿವರಗಳು ಆಯಾ ವರ್ಷದ ಮಾರ್ಗಸೂಚಿ ಹಾಗೂ ಅನುದಾನದ ಲಭ್ಯತೆಗೆ ಒಳಪಟ್ಟಿರುತ್ತವೆ. ಅರ್ಜಿದಾರರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಚ್ಚಿನ ಮಾಹಿತಿಗಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು.