ಪಕ್ಕದಲ್ಲಿ ಕುಳಿತ ಗೆಳೆಯ



ನಿಮ್ಮ ವರ್ಗದಲ್ಲಿ ಒಂದು ಕ್ಷಣವೂ ಸುಮ್ಮನೆ ಕೂಡದ ಗೆಳೆಯನೊಬ್ಬ ಇರಬಹುದು. ಗುರುಗಳು ಲೆಕ್ಕ ಹೇಳುತ್ತಿರುವಾಗ ಅವನು ಕಿಟಕಿಯ ಹೊರಗಿನ ಅಳಿಲನ್ನು ನೋಡುತ್ತಾನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ಸೋಮವಾರ ಕೊಂಡ ಪೆನ್ಸಿಲ್ ಮಂಗಳವಾರ ಅವನ ಬಳಿ ಇರುವುದಿಲ್ಲ. ಆಟದಲ್ಲಿ ತನ್ನ ಪಾಳಿ ಬರುವವರೆಗೆ ಕಾಯಲಾರ. ಅವನನ್ನು ನೀವು ಏನೆಂದು ಕರೆಯುತ್ತೀರಿ? ತುಂಟ, ಮಂಗ, ದಡ್ಡ ಎಂದೇ? ಹಾಗೆ ಕರೆಯುವ ಮೊದಲು ಈ ಪಾಠವನ್ನು ಓದಿರಿ.

ಅನೇಕ ವರ್ಷಗಳ ಹಿಂದೆ ನಾನು ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದೆ. ನನ್ನ ವರ್ಗದಲ್ಲಿಯೂ ಇಂಥ ಒಬ್ಬ ಹುಡುಗನಿದ್ದ. ಮಕ್ಕಳು ಅವನಿಗೆ 'ಬುಗುರಿ' ಎಂದು ಹೆಸರಿಟ್ಟಿದ್ದರು. ನಾನು ಅವನನ್ನು ದಿನವೂ ಬಾಗಿಲ ಬಳಿ ನಿಲ್ಲಿಸುತ್ತಿದ್ದೆ. ಒಂದು ದಿನ ಶಾಲೆ ಬಿಟ್ಟ ಮೇಲೆ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ.

"ಗುರುಗಳೇ, ನಾ ಬೇಕಂತ ಮಾಡಂಗಿಲ್ಲರಿ. ಸುಮ್ನ ಕೂಡಬೇಕಂತೀನಿ, ಆಗಂಗಿಲ್ಲರಿ. ನಾ ಕೆಟ್ಟ ಹುಡುಗ ಏನ್ರಿ?" ಎಂದು ಕೇಳಿದ.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಅವನ ಅವ್ವ ಅಪ್ಪನನ್ನು ಕರೆದು ಮಾತನಾಡಿದೆ. ಅವರು ಅವನನ್ನು ಸೋಲಾಪುರದಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿದರು. ಹುಡುಗ ಕೆಟ್ಟವನಲ್ಲ, ಅವನ ಮಿದುಳು ಕೆಲಸ ಮಾಡುವ ರೀತಿ ಸ್ವಲ್ಪ ಬೇರೆ ಎಂದು ವೈದ್ಯರು ತಿಳಿಸಿದರು. ಅವನನ್ನು ಬಾಗಿಲ ಬಳಿ ನಿಲ್ಲಿಸಿದ್ದು ನನ್ನ ತಪ್ಪು ಎಂಬುದು ನನಗೆ ಆಗ ತಿಳಿಯಿತು.

ಇದು ಏನು?

ಈ ಸ್ಥಿತಿಗೆ 'ಗಮನ ಕೊರತೆ ಮತ್ತು ಅತಿ ಚಟುವಟಿಕೆ' ಎನ್ನುತ್ತಾರೆ. ವೈದ್ಯರು ಚಿಕ್ಕದಾಗಿ 'ಎ.ಡಿ.ಎಚ್.ಡಿ.' ಎಂದು ಕರೆಯುತ್ತಾರೆ. ಜಗತ್ತಿನಲ್ಲಿ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. ಅಂದರೆ 40 ಮಕ್ಕಳ ವರ್ಗದಲ್ಲಿ ಒಬ್ಬರು ಇಲ್ಲವೆ ಇಬ್ಬರು ಇರಬಹುದು.

ನಮ್ಮ ಹಣೆಯ ಹಿಂದೆ ಮಿದುಳಿನ ಮುಂಭಾಗವಿದೆ. 'ತಡೆ, ಈಗ ಬೇಡ', 'ಇದನ್ನು ಮುಗಿಸಿ ಅದನ್ನು ಮಾಡು' ಎಂದು ನಮಗೆ ಹೇಳುವುದು ಈ ಭಾಗದ ಕೆಲಸ. ಬಂಡಿ ಹೊಡೆಯುವವನ ಕೈಯಲ್ಲಿ ಹಗ್ಗವಿದ್ದಂತೆ ಇದು. 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಅನೇಕ ಮಕ್ಕಳ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದರು. ಈ ತೊಂದರೆಯುಳ್ಳ ಮಕ್ಕಳ ಮಿದುಳು ಎಲ್ಲರಂತೆಯೇ ಬೆಳೆಯುತ್ತದೆ, ಆದರೆ ಸರಾಸರಿ 3 ವರ್ಷ ತಡವಾಗಿ ಬೆಳೆಯುತ್ತದೆ ಎಂಬುದು ಅವರಿಗೆ ಕಂಡುಬಂದಿತು. ಅದರಲ್ಲೂ ಮುಂಭಾಗ ಹೆಚ್ಚು ತಡ. ಎತ್ತುಗಳು ಓಡುತ್ತಿವೆ, ಹಗ್ಗ ಇನ್ನೂ ಸಡಿಲವಾಗಿದೆ. ಆ ಹುಡುಗನ ಸ್ಥಿತಿ ಹೀಗಿರುತ್ತದೆ.

ಎಲ್ಲರೂ ಓಡಾಡುವವರೇ ಆಗಿರುವುದಿಲ್ಲ. ಕೆಲವರು ಗದ್ದಲ ಮಾಡದೆ ಕುಳಿತಿರುತ್ತಾರೆ, ಆದರೆ ಅವರ ಮನಸ್ಸು ಬೇರೆಲ್ಲೋ ಇರುತ್ತದೆ. ಹುಡುಗಿಯರಲ್ಲಿ ಇದು ಹೆಚ್ಚಾಗಿ ಈ ರೀತಿ ಕಾಣುವುದರಿಂದ ಅನೇಕ ಸಲ ಯಾರ ಗಮನಕ್ಕೂ ಬರುವುದಿಲ್ಲ.

ಇದು ನೆಗಡಿಯಂತೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದೆವ್ವ ಹಿಡಿದು ಆಗುವುದಲ್ಲ. ಅವ್ವ ಅಪ್ಪ ಮುದ್ದು ಮಾಡಿದ್ದರಿಂದಲೂ ಬರುವುದಲ್ಲ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇಂಥ ಮಕ್ಕಳು ಜಾಣರಾಗಿರಬಹುದು. ಹಾಗೆಂದು ಚುರುಕಾಗಿ ಓಡಾಡುವ ಮಕ್ಕಳಿಗೆಲ್ಲ ಈ ತೊಂದರೆ ಇದೆ ಎಂದು ತಿಳಿಯಬಾರದು. ಅದನ್ನು ನಿರ್ಧರಿಸುವವರು ವೈದ್ಯರು, ನಾವಲ್ಲ.

ಊಟದಿಂದ ಏನು ಸಹಾಯ?

'ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ' ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಾ? ಅಮೆರಿಕದ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ಅವರು ಮಕ್ಕಳಿಗೆ ಸಕ್ಕರೆ ಇಲ್ಲದ ಸಿಹಿ ಪಾನೀಯ ಕೊಟ್ಟರು. ಆದರೆ ಕೆಲವು ತಾಯಂದಿರಿಗೆ 'ನಿಮ್ಮ ಮಗನಿಗೆ ಬಹಳ ಸಕ್ಕರೆ ಕೊಟ್ಟಿದ್ದೇವೆ' ಎಂದು ಹೇಳಿದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಗಲಾಟೆ ಮಾಡಿದಂತೆ ಕಂಡಿತು! ಸಕ್ಕರೆ ಒಂದು ಕಾಳೂ ಹೊಟ್ಟೆಗೆ ಹೋಗಿರಲಿಲ್ಲ. ನಾವು ಮೊದಲೇ ಒಂದು ಹೆಸರು ಇಟ್ಟುಬಿಟ್ಟರೆ ಕಣ್ಣಿಗೂ ಅದೇ ಕಾಣುತ್ತದೆ. ಅತಿಯಾದ ಸಕ್ಕರೆ ಹಲ್ಲಿಗೂ ದೇಹಕ್ಕೂ ಕೆಟ್ಟದ್ದು ನಿಜ. ಆದರೆ ಈ ತೊಂದರೆಗೆ ಅದು ಕಾರಣವಲ್ಲ.

ಬಣ್ಣದ ತಿನಿಸಿನ ಮಾತು ಬೇರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಪ್ರಯೋಗದಲ್ಲಿ ಕೃತಕ ಬಣ್ಣ ಮತ್ತು ಕೆಡದಂತೆ ಇಡುವ ರಾಸಾಯನಿಕ ಬೆರೆಸಿದ ಪಾನೀಯ ಕುಡಿದ ಕೆಲವು ಮಕ್ಕಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಾಯಿತು. 2010ರಿಂದ ಯುರೋಪಿನ ಒಕ್ಕೂಟದಲ್ಲಿ ಅಂಥ 6 ಬಣ್ಣಗಳಿರುವ ತಿನಿಸಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತು ಅಚ್ಚು ಮಾಡಬೇಕಾಗಿದೆ. ಜಾತ್ರೆಯಲ್ಲಿ ನಾಲಗೆ ಕೆಂಪಾಗಿಸುವ ಐಸ್‌ಕ್ಯಾಂಡಿ ಕಡಿಮೆ ತಿಂದರೆ ಯಾರಿಗೂ ನಷ್ಟವಿಲ್ಲ.

ಊಟ ಈ ತೊಂದರೆಯನ್ನು ಹೋಗಲಾಡಿಸುವ ಮದ್ದಲ್ಲ. ಆದರೆ ಹಸಿದ ಹೊಟ್ಟೆಯಲ್ಲಿ ಯಾರ ಮನಸ್ಸೂ ಪಾಠದಲ್ಲಿ ನಿಲ್ಲುವುದಿಲ್ಲ. ಮೊದಲೇ ಗಮನ ಕಷ್ಟವಾಗಿರುವವನಿಗೆ ಹಸಿವೂ ಸೇರಿದರೆ ಕಷ್ಟ ಎರಡು ಪಟ್ಟು. ಬೆಳಿಗ್ಗೆ ಬರೀ ಚಹಾ ಮತ್ತು ಖಾರಿ ತಿಂದು ಬಂದರೆ ಸ್ವಲ್ಪ ಹೊತ್ತಿಗೇ ಹೊಟ್ಟೆ ಚುರುಗುಟ್ಟುತ್ತದೆ. ಅದರ ಬದಲು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಹೊಟ್ಟೆ ಬಹಳ ಹೊತ್ತು ತುಂಬಿರುತ್ತದೆ. ತಿನ್ನುವವರಿಗೆ ಒಂದು ಮೊಟ್ಟೆಯೂ ಒಳ್ಳೆಯದು. ಇದರಲ್ಲಿ ದುಬಾರಿಯಾದದ್ದು ಏನೂ ಇಲ್ಲ. ನಮ್ಮ ಸೀಮೆಯ ಊಟವೇ ಇದು.

ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಆಯಾಸವಾಗುತ್ತದೆ, ಗಮನ ಕುಗ್ಗುತ್ತದೆ. ಸಜ್ಜೆ ರೊಟ್ಟಿ, ಕಾಳುಗಳು, ರಾಜಗಿರಿ ಮತ್ತು ಮೆಂತ್ಯದಂಥ ಸೊಪ್ಪುಗಳಲ್ಲಿ ಕಬ್ಬಿಣವಿದೆ. ಊಟದ ಜೊತೆ ನಿಂಬೆರಸ ಹಿಂಡಿಕೊಂಡರೆ ಅದು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಚಹಾ ಕುಡಿದರೆ ಸರಿಯಾಗಿ ಹತ್ತುವುದಿಲ್ಲ. ದಿನವೂ ಅದೇ ಹೊತ್ತಿಗೆ ಊಟ, ಬಯಲಿನಲ್ಲಿ ಆಟ, ರಾತ್ರಿ 9 ತಾಸಿಗೆ ಕಡಿಮೆಯಿಲ್ಲದ ನಿದ್ದೆ, ಇವು ಎಲ್ಲ ಮಕ್ಕಳಿಗೂ ಬೇಕು. ಇಂಥ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು.

ಕೆಲವರಿಗೆ ವೈದ್ಯರು ಗುಳಿಗೆ ಕೊಡುತ್ತಾರೆ. ಅದರಿಂದ ಕೆಲವು ಮಕ್ಕಳಿಗೆ ಮಧ್ಯಾಹ್ನ ಹಸಿವು ಕಡಿಮೆಯಾಗುತ್ತದೆ. ನಿಮ್ಮ ಗೆಳೆಯ ಶಾಲೆಯ ಊಟವನ್ನು ಮುಟ್ಟದೆ ಕುಳಿತಿದ್ದರೆ ಹಾಸ್ಯ ಮಾಡಬೇಡಿರಿ. ಪಕ್ಕದಲ್ಲಿ ಕುಳಿತು ಮಾತನಾಡುತ್ತ ಉಣ್ಣಿರಿ. ಜೊತೆಗಾರರಿದ್ದರೆ ನಾಲ್ಕು ತುತ್ತು ಹೆಚ್ಚು ಇಳಿಯುತ್ತದೆ.

ಒಬ್ಬ ಹುಡುಗನ ಕಥೆ

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1985ರಲ್ಲಿ ಮೈಕೆಲ್ ಫೆಲ್ಪ್ಸ್ ಎಂಬ ಹುಡುಗ ಹುಟ್ಟಿದ. ಶಾಲೆಯಲ್ಲಿ ಅವನು ಸುಮ್ಮನೆ ಕೂಡುತ್ತಿರಲಿಲ್ಲ. ಇವನು ಯಾವುದರ ಮೇಲೂ ಮನಸ್ಸಿಡಲಾರ ಎಂದು ಒಬ್ಬ ಶಿಕ್ಷಕಿ ಅವನ ತಾಯಿಗೆ ಹೇಳಿದರು. 9ನೆಯ ವಯಸ್ಸಿನಲ್ಲಿ ಅವನಿಗೆ ಈ ತೊಂದರೆ ಇದೆಯೆಂದು ವೈದ್ಯರು ಗುರುತಿಸಿದರು.

ಅವನ ತಾಯಿಯೂ ಶಿಕ್ಷಕಿಯಾಗಿದ್ದರು. ಅವರು ಮಗನನ್ನು ಬೈಯಲಿಲ್ಲ, ದಾರಿ ಹುಡುಕಿದರು. ಓದು ಬೇಸರವೆಂದಾಗ ಪತ್ರಿಕೆಯ ಆಟದ ಪುಟವನ್ನು ಕೈಗಿತ್ತರು. ಲೆಕ್ಕ ಬೇಡವೆಂದಾಗ ಈಜಿನ ಲೆಕ್ಕಗಳನ್ನು ಮಾಡಿಸಲು ಏರ್ಪಾಡು ಮಾಡಿದರು. ಮೊದಮೊದಲು ಅವನಿಗೆ ನೀರಿನಲ್ಲಿ ಮುಖ ಮುಳುಗಿಸಲು ಹೆದರಿಕೆ. ಆದ್ದರಿಂದ ಅಂಗಾತ ಈಜಲು ಕಲಿಸಿದರು. ಒಮ್ಮೆ ಸ್ಪರ್ಧೆಯಲ್ಲಿ ಎರಡನೆಯವನಾಗಿ ಬಂದಾಗ ಸಿಟ್ಟಿನಿಂದ ಈಜುಗನ್ನಡಕವನ್ನು ಕಿತ್ತು ಎಸೆದ. ಆಮೇಲೆ ತಾಯಿ ಮಗ ಸೇರಿ ಒಂದು ಗುಟ್ಟಿನ ಸನ್ನೆ ಮಾಡಿಕೊಂಡರು. ಅವನು ಸಿಡುಕಿದಾಗ ತಾಯಿ ದೂರದಿಂದಲೇ ಬೆರಳು ಬಾಗಿಸಿ ಇಂಗ್ಲಿಷಿನ 'ಸಿ' ಅಕ್ಷರದ ಆಕಾರ ತೋರಿಸುತ್ತಿದ್ದರು. 'ಸಮಾಧಾನ ತಂದುಕೋ' ಎಂಬುದು ಅದರ ಅರ್ಥ.

ಆ ಹುಡುಗ ಮುಂದೆ 2004, 2008, 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು 28 ಪದಕ ಗೆದ್ದ. ಅವುಗಳಲ್ಲಿ 23 ಚಿನ್ನದವು. 2008ರ ಬೀಜಿಂಗ್‌ನಲ್ಲಿ ಒಂದೇ ಕೂಟದಲ್ಲಿ 8 ಚಿನ್ನ ಗೆದ್ದ. ಎಲ್ಲರೂ ಫೆಲ್ಪ್ಸ್ ಆಗಬೇಕಿಲ್ಲ. ಆದರೆ ಪ್ರತಿಯೊಂದು ಮಗುವಿಗೂ ಬೈಯುವ ಬದಲು ದಾರಿ ಹುಡುಕುವವರು ಬೇಕು.

ನೀವು ಏನು ಮಾಡಬಹುದು?

1. ಅಡ್ಡಹೆಸರಿನಿಂದ ಕರೆಯಬೇಡಿರಿ. ಅವನ ಸ್ವಂತ ಹೆಸರಿನಿಂದ ಕರೆಯಿರಿ.
2. ಅವನ ಮನಸ್ಸು ಎಲ್ಲೋ ಹೋದಾಗ ಮೆಲ್ಲನೆ ಪುಸ್ತಕದ ಸಾಲಿನ ಮೇಲೆ ಬೆರಳಿಡಿರಿ. ಕೂಗಿ ಹೇಳಬೇಡಿರಿ.
3. ಮನೆಗೆಲಸವನ್ನು ಬರೆದುಕೊಂಡನೇ ಎಂದು ಶಾಲೆ ಬಿಡುವಾಗ ಒಮ್ಮೆ ಕೇಳಿರಿ.
4. ಆಟದಲ್ಲಿ ಅವನನ್ನೂ ಕರೆಯಿರಿ. 'ಇನ್ನು ಇಬ್ಬರಾದ ಮೇಲೆ ನಿನ್ನ ಪಾಳಿ' ಎಂದು ಮೊದಲೇ ಹೇಳಿರಿ.
5. ಫಳ್ಯ ಒರೆಸುವುದು, ನೀರು ತರುವುದು ಮುಂತಾದ ಓಡಾಟದ ಕೆಲಸ ಅವನಿಗೆ ಸಿಗಲಿ.
6. ಅವನು ಒಳ್ಳೆಯದು ಮಾಡಿದ ಕೂಡಲೇ ಹೇಳಿರಿ. ನಾಳೆಗೆ ಇಡಬೇಡಿರಿ.
7. ಅವನು ಹೊಡೆದರೆ ಅಥವಾ ನೂಕಿದರೆ ತಿರುಗಿ ಹೊಡೆಯದೆ ಗುರುಗಳಿಗೆ ತಿಳಿಸಿರಿ. ಗೆಳೆತನವೆಂದರೆ ಪೆಟ್ಟು ಸಹಿಸುವುದಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯಲ್ಲಿ ಯಾವ ಮಗುವನ್ನೂ ಹೊಡೆಯಬಾರದು, ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳಬಾರದು. ಇದು ಗುರುಗಳಿಗೆ ಇರುವ ಕಾಯಿದೆ. ಗೆಳೆಯರಿಗೆ ಕಾಯಿದೆ ಬೇಕಿಲ್ಲ, ಮನಸ್ಸು ಸಾಕು.

ಈ ಪಾಠವನ್ನು ಓದುತ್ತಿರುವ ನೀವೇ ಆ ಮಗುವಾಗಿದ್ದರೆ ಒಂದು ಮಾತು. ನೀವು ಕೆಟ್ಟವರಲ್ಲ. ನಿಮಗೆ ಕಷ್ಟವಾಗುವುದನ್ನು ಅವ್ವನಿಗೆ, ಅಪ್ಪನಿಗೆ ಇಲ್ಲವೆ ಗುರುಗಳಿಗೆ ಹೇಳಿರಿ. ನನ್ನ ವರ್ಗದ ಆ ಹುಡುಗ ಹೇಳಿದ್ದರಿಂದಲೇ ನನಗೆ ತಿಳಿಯಿತು.

ಆಮೇಲೆ ಏನಾಯಿತು? ನಾನು ಅವನನ್ನು ಬಾಗಿಲಿನಿಂದ ಕರೆತಂದು ಮುಂದಿನ ಸಾಲಿನಲ್ಲಿ ಕೂಡ್ರಿಸಿದೆ. ಪಕ್ಕದಲ್ಲಿ ಯಾರು ಕೂಡುತ್ತೀರಿ ಎಂದು ವರ್ಗವನ್ನು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ತನ್ನ ಚೀಲ ಎತ್ತಿಕೊಂಡು ಬಂದು ಕುಳಿತಳು. ಆ ವರ್ಷವೂ ಅವನು ಪೆನ್ಸಿಲ್ ಕಳೆದುಕೊಂಡ, ನೀರು ಚೆಲ್ಲಿದ, ನಡುವೆ ಎದ್ದು ನಿಂತ. ಆದರೆ 'ನಾ ಕೆಟ್ಟ ಹುಡುಗ ಏನ್ರಿ?' ಎಂದು ಮತ್ತೆ ಕೇಳಲಿಲ್ಲ.

ಹೊಸ ಶಬ್ದಗಳ ಅರ್ಥ

ಚಡಪಡಿಕೆ – ಸುಮ್ಮನಿರಲಾಗದ ತಳಮಳ
ಪಾಳಿ – ಸರದಿ
ಸರಾಸರಿ – ಎಲ್ಲ ಕೂಡಿಸಿ ಸಮನಾಗಿ ಹಂಚಿದಾಗ ಬರುವ ಸಂಖ್ಯೆ
ಕೃತಕ – ಮನುಷ್ಯರು ತಯಾರಿಸಿದ
ಅಂಗಾತ – ಮುಖ ಮೇಲಾಗಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಮಿದುಳಿನ ಮುಂಭಾಗದ ಕೆಲಸವೇನು?
2. ಊಟದ ಜೊತೆ ನಿಂಬೆರಸ ಏಕೆ ಒಳ್ಳೆಯದು?
3. ಫೆಲ್ಪ್ಸ್‌ನ ತಾಯಿ ತೋರಿಸುತ್ತಿದ್ದ ಸನ್ನೆಯ ಅರ್ಥವೇನು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. 1994ರ ಪ್ರಯೋಗದಿಂದ ನಾವು ಏನು ಕಲಿಯುತ್ತೇವೆ?
2. ಗುರುಗಳು ತಮ್ಮ ಯಾವ ತಪ್ಪನ್ನು ಒಪ್ಪಿಕೊಂಡಿದ್ದಾರೆ? ಅದನ್ನು ಹೇಗೆ ತಿದ್ದಿಕೊಂಡರು?

ಇ) ಉಪಕ್ರಮ
ನಿಮ್ಮ ಮನೆಯಲ್ಲಿ ಒಂದು ವಾರ ಬೆಳಿಗ್ಗೆ ತಿಂದದ್ದನ್ನು ಪಟ್ಟಿ ಮಾಡಿರಿ. ಯಾವ ದಿನ ಮಧ್ಯಾಹ್ನದವರೆಗೆ ಹಸಿವಾಗಲಿಲ್ಲ ಎಂಬುದನ್ನು ಗುರುತಿಸಿರಿ. ವರ್ಗದಲ್ಲಿ ಚರ್ಚಿಸಿರಿ.